ಹೋಳಿಗೆಯ ಮರುದಿನ

ಹುಬ್ಬಳ್ಳಿ-ಧಾರವಾಡದ ಕಡೆಗೆ ಹಬ್ಬವೆಂದರೆ ಹೋಳಿಗೆ. ಯುಗಾದಿ ಬರಲಿ, ಹೋಳಿಹುಣ್ಣಿವೆ ಬರಲಿ, ‘ಹಬ್ಬಕ್ಕ ಏನ್ ಮಾಡೀರಿ?’ ಎಂದು ಕೇಳಿದವರಿಗೆ ‘ಮತ್ತೇನ್ರೀ, ಹೋಳಿಗಿ’ ಎಂಬ ಉತ್ತರವು ಸಿದ್ಧವಾಗಿಯೇ ಇರುವದು. ಇದು ನಾಲಗೆಯ ಚಪಲವಷ್ಟೇ ಅಲ್ಲ, ನೆಲದ ಗುಣವೂ ಹೌದು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹಾದಿಯಲ್ಲಿರುವ ಶಿರಗುಪ್ಪಿಯ ಸೀಮೆಯನ್ನು ನೋಡಿರಿ. ಕಣ್ಣು ಹರಿಯುವಷ್ಟು ದೂರ ಎರೆಯ ಹೊಲ. ಹಿಂಗಾರಿಯಲ್ಲಿ ಅಲ್ಲಿ ಜೋಳ, ಕಡಲೆ, ಗೋದಿ ಬೆಳೆಯುತ್ತವೆ. ಕಡಲೆಯ ಬೇಳೆ ಹೂರಣವಾಗುವದು. ಗೋದಿಯ ಹಿಟ್ಟು ಕಣಕವಾಗುವದು. ಸಂತೆಯಿಂದ ಬೆಲ್ಲವೊಂದು ಬಂದರೆ ಹಬ್ಬವು ಕೂಡಿಬಂದಂತೆಯೇ.

ಆದರೆ ಈ ಕಡೆಯ ಊರುಗಳಲ್ಲಿ ಹಬ್ಬದ ಮರುದಿನಕ್ಕೂ ಒಂದು ಹೆಸರುಂಟು. ಅದು ‘ಕರಿ’. ಸಂಕ್ರಮಣದ ಮರುದಿನದ ಕರಿಯನ್ನು ಪಂಚಾಂಗದವರೂ ಬಲ್ಲರು. ಹಳ್ಳಿಯ ರೂಢಿಯಲ್ಲಿ ಉಳಿದ ದೊಡ್ಡ ಹಬ್ಬಗಳಿಗೂ ಕರಿ ಇದೆ. ಆ ದಿನ ಯಾವ ಶುಭಕಾರ್ಯವನ್ನೂ ಆರಂಭಿಸುವದಿಲ್ಲ. ದೂರದ ಪ್ರಯಾಣವನ್ನೂ ಆದಷ್ಟು ಮುಂದೆ ಹಾಕುತ್ತಾರೆ. ಶಾಕಾಹಾರಿಗಳ ಮನೆಯಲ್ಲಿ ನಿನ್ನೆಯ ಹೋಳಿಗೆಗೆ ಹಾಲುತುಪ್ಪ, ನಿನ್ನೆಯ ಸಾರಿಗೆ ಇನ್ನೊಂದು ಕುದಿ. ಮಾಂಸಾಹಾರಿಗಳ ಮನೆಯಲ್ಲಿ ಮಾತ್ರ ಒಲೆಯು ಹೊಸದಾಗಿ ಹೊತ್ತುವದು. ಒಣಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿದು ಅರೆದ ಖಾರದಲ್ಲಿ ಮಾಂಸ ಕುದಿಯತೊಡಗಿದಾಗ ಓಣಿಯ ತುಂಬ ಅದರ ವಾಸನೆ ಹರಡುವದು. ನಿನ್ನೆ ಹೋಳಿಗೆಗೆ ಬಂದ ನೆಂಟನು ಇಂದು ಉಳಿದುಕೊಂಡಿದ್ದರೆ ಅದಕ್ಕೆ ಕಾರಣವನ್ನು ಕೇಳಬೇಕಾಗಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಇದೇ ಪದ್ಧತಿಗೆ ಬೇರೆ ಹೆಸರು. ಅಲ್ಲಿ ಯುಗಾದಿಯ ಮರುದಿನ ‘ಹೊಸತೊಡಕು’ ಅಥವಾ ‘ವರ್ಷದ ತೊಡಕು’. ಹಳ್ಳಿಗಳಲ್ಲಿ ಹತ್ತಾರು ಮನೆಯವರು ಹಣ ಕೂಡಿಸಿ ಕುರಿ ತಂದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವರು. ಅದಕ್ಕೆ ‘ಗುಡ್ಡೆಬಾಡು’ ಎನ್ನುವರು. ಬೆಂಗಳೂರಿನಂಥ ಶಹರದಲ್ಲಿಯೂ ಆ ದಿನ ಮಾಂಸದಂಗಡಿಗಳ ಮುಂದೆ ನಸುಕಿನಲ್ಲಿಯೇ ಸಾಲು ನಿಲ್ಲುವದು. ಉತ್ತರ ಕರ್ನಾಟಕದ ಕೆಲವು ನೇಕಾರರ ಮನೆಗಳಲ್ಲಂತೂ ಗಣೇಶ ಚೌತಿಯ ಮರುದಿನ ‘ಇಲಿವಾರ’. ಕಡುಬು ಉಂಡ ಗಣಪತಿಯ ವಾಹನಕ್ಕೆ ಮರುದಿನ ಮಾಂಸದ ಎಡೆ!

ಹಾಗಾದರೆ ಹಬ್ಬದ ನಿಜವಾದ ಊಟ ಯಾವದು? ಮೊದಲ ದಿನದ್ದೋ, ಮರುದಿನದ್ದೋ? ನಾವು ‘ಸಂಪ್ರದಾಯದ ಹಬ್ಬದೂಟ’ ಎಂದು ಹೇಳುವಾಗ ಯಾರ ಸಂಪ್ರದಾಯವನ್ನು ಕುರಿತು ಹೇಳುತ್ತೇವೆ? ಇದನ್ನು ಸ್ವಲ್ಪ ಇತಿಹಾಸದ ಬೆಳಕಿನಲ್ಲಿ ನೋಡುವದು ಒಳ್ಳೆಯದು.

ಮೊದಲು ‘ಕರಿ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಕರಿ ಎಂದರೆ ಕಪ್ಪು. ಎಣ್ಣೆಯಲ್ಲಿ ಬೇಯಿಸುವದೂ ಕರಿಯುವದೇ. ಹಬ್ಬದ ಮರುದಿನದ ಕರಿಯು ಕಪ್ಪುದಿನ ಎಂಬ ಅರ್ಥದಿಂದಲೇ ಬಂದಿರಬೇಕು. ನೆರೆಯ ಮರಾಠಿಯವರೂ ಆ ದಿನವನ್ನು ‘ಕರ’ ಎನ್ನುತ್ತಾರೆ. ಇವುಗಳ ಹೊರತಾಗಿ ಜಗತ್ತನ್ನೆಲ್ಲ ಸುತ್ತಿದ ಮೂರನೆಯ ಕರಿಯೊಂದಿದೆ. ಅದು ಇಂಗ್ಲಿಷರ ‘ಕರಿ’, ಅಂದರೆ ಮಸಾಲೆಯ ಸಾರು ಪಲ್ಯಗಳಿಗೆಲ್ಲ ಅವರು ಇಟ್ಟ ಒಂದೇ ಹೆಸರು. ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದ ಬರ್ನೆಲ್ ಸಾಹೇಬನೂ ಕರ್ನಲ್ ಯೂಲನೂ ಕೂಡಿ ರಚಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವು 1886ರಲ್ಲಿ ಪ್ರಕಟವಾಯಿತು. ಮೂಲಶಬ್ದವು ತಮಿಳಿನ ಕರಿ ಎಂದೂ, ಪೋರ್ತುಗೀಜರು ಎತ್ತಿಕೊಂಡದ್ದು ಮಾತ್ರ ‘ಕರಿಲ್’ ಎಂಬ ಕನ್ನಡದ ರೂಪವೆಂದೂ ಅದರಲ್ಲಿ ಹೇಳಿದೆ. ಪೋರ್ತುಗೀಜರು ಗೋವೆಯ ಕೊಂಕಣಿಗರನ್ನೂ ‘ಕನಾರಿ’ಗಳೆಂದೇ ಕರೆಯುತ್ತಿದ್ದರಾದ್ದರಿಂದ ಈ ಶ್ರೇಯಸ್ಸನ್ನೆಲ್ಲ ಕನ್ನಡವೊಂದೇ ಬಾಚಿಕೊಳ್ಳುವದು ಸಲ್ಲದು. ಆದರೂ ಆ ಮಾತು ನಮ್ಮ ಕರಾವಳಿಯಿಂದ ಹಡಗು ಹತ್ತಿತೆಂಬದು ನಿಜ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತನೆಂಬ ವೈದ್ಯನ ಗ್ರಂಥದಲ್ಲಿ, ತೆಂಗಿನಕಾಯಿಯ ಹಾಲಿನಿಂದ ಮಾಡುವ ‘ಕರಿಲ್’ ಎಂಬ ಅಡಿಗೆಯ ಪ್ರಸ್ತಾಪವಿದೆ.

ಇನ್ನು ನಮ್ಮ ಹಳೆಯ ಎಡೆಯನ್ನು ನೋಡೋಣ. ಅಡಿಗೆಯನ್ನು ಕುರಿತು ಬರೆಯುವದರಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಚಾಲುಕ್ಯರ ಆಳಿಕೆಯಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆಂದೇ ಒಂದು ಅಧ್ಯಾಯವಿದೆ. ಮುಂದೆ ಒಂದು ಶತಮಾನದ ಮೇಲೆ ಕಲ್ಯಾಣದ ಅರಸ ಮುಮ್ಮಡಿ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಬಂದಿತು. ಅದರ ಅನ್ನಭೋಗ ಪ್ರಕರಣದಲ್ಲಿ ಸಿಹಿಭಕ್ಷ್ಯಗಳ ಜೊತೆಗೆ ಹಂದಿ, ಮೀನು, ಆಮೆಗಳ ಅಡಿಗೆಯೂ, ಸುಟ್ಟ ಹೊಲದಿಲಿಯೂ ಬರುತ್ತವೆ. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದನು, ಅದು ಶುದ್ಧ ಶಾಕಾಹಾರ. ಒಂದೇ ನಾಡಿನ ಅರಮನೆಗಳ ಸುತ್ತ ಬೆಳೆದ ಈ ಗ್ರಂಥಗಳಲ್ಲಿ ಒಂದರ ಎಡೆಯು ಇನ್ನೊಂದರ ಎಡೆಯಂತಿಲ್ಲ. ಸೋಮೇಶ್ವರನು ಮಂಗರಸನಿಗಿಂತ ಸುಮಾರು ನಾಲ್ಕು ಶತಮಾನ ಹಿಂದಿನವನು. ಹಳೆಯದೇ ಸಂಪ್ರದಾಯವೆಂದು ಹಟ ಹಿಡಿದವರು ಹೊಲದಿಲಿಯನ್ನು ಎಲ್ಲಿ ಬಡಿಸಬೇಕೆಂಬದನ್ನೂ ಹೇಳಬೇಕಾಗುತ್ತದೆ!

ಈ ಗ್ರಂಥಗಳಲ್ಲಿ ಒಂದು ಸಾಮ್ಯವುಂಟು. ಮೂರರಲ್ಲಿಯೂ ಮೆಣಸಿನಕಾಯಿ ಇಲ್ಲ. ಅಂದಿನ ಖಾರವೆಲ್ಲ ಕಾಳುಮೆಣಸು, ಶುಂಠಿ, ಸಾಸಿವೆಗಳದು. ಮೆಣಸಿನಕಾಯಿಯು ಅಮೇರಿಕೆಯ ಬೆಳೆ. ಪೋರ್ತುಗೀಜರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ಗೋವೆಗೆ ಬಂದು, ಘಟ್ಟ ಹತ್ತಿ, ನಮ್ಮ ಎರೆಭೂಮಿಯನ್ನು ತನ್ನ ತವರೆಂಬಂತೆ ಆವರಿಸಿತು. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಬ್ಯಾಡಗಿಯ ಹೆಸರನ್ನು ಇಂದು ಮೆಣಸಿನಕಾಯಿಯಿಂದಲೇ ದೇಶವೆಲ್ಲ ಬಲ್ಲದು. ಅಂದಮೇಲೆ ಹೋಳಿಗೆಯ ಮಗ್ಗುಲಿನ ಕಟ್ಟಿನ ಸಾರಿಗೆ ಬಣ್ಣ ಕೊಡುವದೂ, ಕರಿಯ ದಿನದ ಮಾಂಸದ ಸಾರಿಗೆ ಬಣ್ಣ ಕೊಡುವದೂ ಅದೇ ಪರದೇಶಿ ಕಾಯಿ. ಎರಡು ದಿನಗಳ ಊಟಕ್ಕೂ ಋಣವು ಒಂದೇ ಹಡಗಿನದು.

ಅದೇ ಗೋವೆಯ ಬಂದರದಿಂದ ಇನ್ನೊಂದು ಅಮೇರಿಕೆಯ ಜೀವವೂ ಬಂದಿತು. ಅದು ಟರ್ಕಿ ಕೋಳಿ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಕೊಂಡುಕೊಂಡು ಒಯ್ದ ಅಪೂರ್ವ ವಸ್ತುಗಳಲ್ಲಿ ಈ ಹಕ್ಕಿಯನ್ನು ಕಂಡು ಬಾದಶಹ ಜಹಾಂಗೀರನು ಬೆರಗಾದನು. ಉಸ್ತಾದ್ ಮನ್ಸೂರನಿಂದ ಅದರ ಚಿತ್ರವನ್ನು ಬರೆಯಿಸಿದನು. ಆ ಚಿತ್ರವನ್ನು ಈಗಲೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಕಾಣಬಹುದು. ಮೆಣಸಿನಕಾಯಿ ನಮ್ಮ ಬಡವನ ರೊಟ್ಟಿಯವರೆಗೂ ಬಂದಿತು. ಟರ್ಕಿ ಕೋಳಿಯು ಚಿತ್ರದಲ್ಲಿಯೇ ನಿಂತಿತು. ಈ ಸಂಗತಿಗೆ ಮುಂದೆ ಮಹತ್ವವುಂಟು. ಏಕೆಂದರೆ ಇಂಗ್ಲಿಷರ ಕ್ರಿಸ್‌ಮಸ್ ಊಟದ ನಡುಮಣೆ ಆ ಹಕ್ಕಿಯದೇ. ಅದಾದರೂ ಅವರಲ್ಲಿ ಅನಾದಿಯದೇನಲ್ಲ. 1843ರಲ್ಲಿ ಡಿಕನ್ಸನು ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಬಡ ಗುಮಾಸ್ತನ ಮನೆಯ ಹಬ್ಬಕ್ಕೆ ಬೇಯುವದು ಬಾತುಕೋಳಿಯ ಜಾತಿಯ ಹೆಬ್ಬಾತು. ಟರ್ಕಿಯು ಹಣವುಳ್ಳವರ ಕಾಣಿಕೆ. ಹೆಬ್ಬಾತಿನ ಸ್ಥಾನವನ್ನು ಅಮೇರಿಕೆಯ ಹಕ್ಕಿ ಹಿಡಿದ ಬಳಿಕ ಅದೇ ‘ಸಂಪ್ರದಾಯ’ವೆನಿಸಿತು.

ಧರ್ಮ ಬದಲಾದಾಗ ಎಡೆಯ ಗತಿಯೇನು? ಗೋವೆಯಲ್ಲಿ ಇದನ್ನು ಕಾನೂನಿನಿಂದ ನಿರ್ಣಯಿಸುವ ಯತ್ನವೂ ನಡೆಯಿತು. 1736ರಲ್ಲಿ ಅಲ್ಲಿಯ ಧರ್ಮನ್ಯಾಯಮಂಡಲಿಯು ಹೊರಡಿಸಿದ ಶಾಸನವು, ಕ್ರೈಸ್ತರಾದವರು ಬಿಡಬೇಕಾದ ಹಿಂದೂ ರೂಢಿಗಳ ಉದ್ದ ಪಟ್ಟಿಯೊಂದನ್ನು ಕೊಡುತ್ತದೆ. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಮಾಡಿ ಆಮೇಲೆ ಉಪ್ಪು ಹಾಕಿಕೊಳ್ಳಬಾರದೆಂಬದೂ ಅದರಲ್ಲಿದೆ. ಅನ್ನದ ಪಾತ್ರೆಯೊಳಗಿನ ಉಪ್ಪಿನವರೆಗೂ ಅಧಿಕಾರದ ಕೈ ಚಾಚಿತ್ತು! ಆದರೆ ಒಲೆಯ ಮುಂದೆ ಕುಳಿತವಳು ಶಾಸನವನ್ನು ಓದಿ ಅಡಿಗೆ ಮಾಡುವದಿಲ್ಲ. ಗೋವೆಯಿಂದ ದಕ್ಷಿಣಕ್ಕೆ ಬಂದು ಮಂಗಳೂರಿನ ಸುತ್ತ ನೆಲೆಸಿದ ಕ್ರೈಸ್ತರು ಟೀಪುವಿನ ಕಾಲದಲ್ಲಿ 1784ರಿಂದ 1799ರ ವರೆಗೆ ಶ್ರೀರಂಗಪಟ್ಟಣದ ಸೆರೆಯನ್ನು ಕಂಡರು. ಮರಳಿ ಬಂದು ಮತ್ತೆ ಒಲೆ ಹೂಡಿದರು. ಅವರ ಕ್ರಿಸ್‌ಮಸ್ಸಿಗೆ ಸಣ್ಣ ಎಂಬ ಅಕ್ಕಿಯ ಹಬೆತಿಂಡಿ, ಹಂದಿಮಾಂಸದ ಮಸಾಲೆಯ ಪದಾರ್ಥ. ಸಿಹಿತಿಂಡಿಗಳ ‘ಕುಸ್ವಾರ್’ ತಾಟಿನಲ್ಲಿ ನಮ್ಮ ಕರ್ಜಿಕಾಯಿಯ ತಂಗಿಯಾದ ‘ನೆವ್ರಿ’. ಇಷ್ಟೇ ಅಲ್ಲ, ಸಪ್ಟಂಬರ 8ರ ‘ಮೊಂತಿ’ ಹಬ್ಬದ ದಿನ, ಅಂದರೆ ಹೊಸ ತೆನೆಯ ಹಬ್ಬದಂದು, ಮಾಂಸವನ್ನು ಬದಿಗಿರಿಸಿ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ತರಕಾರಿಯ ಪದಾರ್ಥಗಳನ್ನು ಬಡಿಸುವರು. ವರ್ಷವಿಡೀ ಮೀನುಮಾಂಸ ಉಣ್ಣುವವರಿಗೆ ಸೊಪ್ಪುತರಕಾರಿಯೇ ಹಬ್ಬದೂಟವಾಯಿತು! ಶಿರಗುಪ್ಪಿಯ ಕಡೆಯ ಕರಿಯನ್ನು ತಿರುವಿಹಾಕಿದಂತೆ ಇದು.

ಕ್ರಿಸ್‌ಮಸ್ಸು ನಮ್ಮ ಎರೆನಾಡಿಗೆ ಬಂದದ್ದು ಕರಾವಳಿಗಿಂತ ಬಹಳ ತಡವಾಗಿ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅವರ ಹಿಂದೆ ಅರ್ಧ ಶತಮಾನದೊಳಗೆ ರೈಲು ಬಂದಿತು. ಸದರ್ನ್ ಮರಾಠಾ ರೈಲ್ವೆಯು 1882ರಲ್ಲಿ ಸ್ಥಾಪನೆಯಾಗಿ, ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕಾರಖಾನೆ ತೆರೆಯಿತು. ಶಹರದ ಒಂದು ಮಗ್ಗುಲಿಗೆ ಹೊಸ ವಸತಿ ಎದ್ದಿತು. ಭಾರತದ ಇತರ ರೈಲ್ವೆ ಊರುಗಳಂತೆ ಇಲ್ಲಿಯೂ ಇಂಜಿನ್ ಡ್ರೈವರ್, ಗಾರ್ಡ್, ಫೋರಮನ್ ಮುಂತಾದ ಕೆಲಸಗಳಲ್ಲಿ ಆಂಗ್ಲೋ-ಇಂಡಿಯನ್ನರು ಇದ್ದರು. ತಂದೆಯ ಕಡೆಯಿಂದ ಯುರೋಪಿನ ರಕ್ತ, ಹುಟ್ಟಿದ್ದು ಬೆಳೆದದ್ದು ಈ ನೆಲದಲ್ಲಿ. ಇಂಗ್ಲಿಷನು ಅವರನ್ನು ತನ್ನ ಕ್ಲಬ್ಬಿನೊಳಗೆ ಕರೆಯಲಿಲ್ಲ, ನಮ್ಮವರು ತಮ್ಮ ಪಡಸಾಲೆಯೊಳಗೆ ಕರೆಯಲಿಲ್ಲ. ಸರಕಾರವು ಆ ಹೆಸರನ್ನು ಅವರಿಗೆ ಅಧಿಕೃತವಾಗಿ ಕೊಟ್ಟದ್ದೂ 1911ರ ಜನಗಣತಿಯ ಕಾಲಕ್ಕೆ.

ಈ ಜನರು ಕ್ರಿಸ್‌ಮಸ್ಸಿಗೆ ಏನು ಉಣ್ಣಬೇಕು? ಇಂಗ್ಲಿಷನ ಮೇಜಿನ ಪದ್ಧತಿಯನ್ನು ನೋಡಿದರೆ ಅಲ್ಲಿ ಕರಿಗೆ ಸ್ಥಾನವಿರಲಿಲ್ಲ. ಒಂದು ಕಾಲಕ್ಕೆ ಇತ್ತು: 1747ರಷ್ಟು ಹಿಂದೆಯೇ ಹನ್ನಾ ಗ್ಲಾಸ್ ಎಂಬವಳು ಲಂಡನ್ನಿನ ತನ್ನ ಅಡಿಗೆಯ ಪುಸ್ತಕದಲ್ಲಿ ಭಾರತದ ರೀತಿಯ ಕರಿಯನ್ನು ಹೇಳಿದ್ದಳು; ಕಂಪನಿಯ ಸಾಹೇಬರು ಬೇಕಾದಷ್ಟು ಉಂಡರು. ಆದರೆ ರಾಣಿಯ ಆಳಿಕೆ ಬಂದು ಠೀವಿ ಹೆಚ್ಚಿದಂತೆ ರುಚಿಗೂ ಬಿಗಿ ಬಂದಿತು. 1878ರಲ್ಲಿ ಮದರಾಸಿನಲ್ಲಿ ‘ವೈವರ್ನ್’ ಎಂಬ ಹೆಸರಿನಿಂದ ಅಡಿಗೆಯ ಪುಸ್ತಕ ಬರೆದ ಕೆನ್ನಿ-ಹರ್ಬರ್ಟ್ ಎಂಬ ಸೇನಾಧಿಕಾರಿಯು, ಹಳೆಯ ಕಾಲದ ಖಾರದ ಕರಿಗಳು ಈಗ ಔತಣದ ಮೇಜಿನಿಂದ ಹೊರಬಿದ್ದು ಮುಂಜಾನೆಯ ಮತ್ತು ಮಧ್ಯಾಹ್ನದ ಊಟಕ್ಕೆ ಇಳಿದಿವೆಯೆಂದು ಬರೆಯುತ್ತಾನೆ. ಅಂದರೆ ಕರಿಯು ಹಗಲು ಮನೆಯವರಷ್ಟೇ ಉಣ್ಣುವಾಗಿನ ಊಟ, ಅತಿಥಿಗಳೆದುರಿಗೆ ಬೇಡ. ಇಷ್ಟು ಬರೆದು ಆತನು ಕರಿಯನ್ನು ಮಾಡುವ ಬಗೆಯನ್ನೂ ವಿಸ್ತಾರವಾಗಿ ಹೇಳುತ್ತಾನೆಂಬದು ಬೇರೆ ಮಾತು; ನಾಲಗೆಯು ಠೀವಿಯ ಮಾತನ್ನು ಯಾವಾಗಲೂ ಕೇಳುವದಿಲ್ಲ.

ಅತ್ತ ಔತಣದ ಮೇಜು ಹೊರದೂಡಿದ್ದನ್ನೇ ಇತ್ತ ರೈಲ್ವೆಯ ವಸತಿಗಳು ಹಬ್ಬದ ಮೇಜಿಗೆ ಏರಿಸಿದವು. ದಕ್ಷಿಣದ ರೈಲ್ವೆ ಊರುಗಳಲ್ಲಿಯೂ, ಕೋಲಾರದ ಚಿನ್ನದ ಗಣಿಯಲ್ಲಿಯೂ ಹಲವು ಆಂಗ್ಲೋ-ಇಂಡಿಯನ್ ಮನೆಗಳ ಹಬ್ಬದೂಟವೆಂದರೆ ಹಳದಿ ಅನ್ನ ಮತ್ತು ‘ಬಾಲ್ ಕರಿ’. ತೆಂಗಿನ ಹಾಲಿನಲ್ಲಿ ಅರಿಷಿಣ ಹಾಕಿ ಬೇಯಿಸಿದ ಅನ್ನ. ಕೊಚ್ಚಿದ ಮಾಂಸಕ್ಕೆ ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು ಕೂಡಿಸಿ ಉಂಡೆ ಕಟ್ಟಿ, ಕುದಿಯುವ ಮಸಾಲೆಯಲ್ಲಿ ಒಂದೊಂದಾಗಿ ಇಳಿಬಿಟ್ಟ ಕರಿ. ಮಗ್ಗುಲಿಗೆ ‘ಡೆವಿಲ್ ಚಟ್ನಿ’ ಎಂಬ ಕೆಂಪು ಖಾರ. ಉಂಡೆಗೆ ಇಂಗ್ಲಿಷಿನಲ್ಲಿರುವ ‘ಬಾಲ್’ ಎಂಬ ಶಬ್ದವು ಸಭ್ಯರ ಬಾಯಲ್ಲಿ ಬರಬಾರದೆಂದು ಕೆಲವು ಮನೆಗಳ ಹಿರಿಯರು ಮಕ್ಕಳಿಗೆ ‘ಕೆಟ್ಟಮಾತಿನ ಕರಿ’ ಎಂದೇ ಹೇಳಿಕೊಟ್ಟರಂತೆ! ಕೋಲಾರದ ಗಣಿಯಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ತಮ್ಮ ಜನರ ಅಡಿಗೆಗಳನ್ನು ಹಲವು ಪುಸ್ತಕಗಳಲ್ಲಿ ಸಂಗ್ರಹಿಸಿ ಇಂಥ ಸಂಗತಿಗಳನ್ನು ಉಳಿಸಿದ್ದಾರೆ.

ಈ ಊಟವನ್ನು ಬರಿಯ ಬಡತನದ ಪರ್ಯಾಯವೆಂದು ತಿಳಿಯಬಾರದು. ಟರ್ಕಿ ಕೋಳಿ ಸಿಗದ್ದರಿಂದ ಕರಿ ಮಾಡಿದರು ಎಂಬದು ಮೊದಲ ತಲೆಮಾರಿಗೆ ಒಪ್ಪೀತು, ಮುಂದಿನವರಿಗೆ ಒಪ್ಪದು. ಅದಕ್ಕೆ ಸಾಕ್ಷಿಯು ದೂರದ ದೇಶದಲ್ಲಿದೆ. 1947ರ ನಂತರ ಈ ಕುಟುಂಬಗಳಲ್ಲಿ ಬಹಳಷ್ಟು ಇಂಗ್ಲಂಡು, ಆಸ್ಟ್ರೇಲಿಯ, ಕೆನಡಾಗಳಿಗೆ ವಲಸೆಹೋದವು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಲೋಕಸಭೆ, ವಿಧಾನಸಭೆಗಳಲ್ಲಿ ಅವರಿಗಿದ್ದ ನಾಮಕರಣದ ಸ್ಥಾನಗಳೂ 2020ರ ಜನವರಿಯಲ್ಲಿ ಕೊನೆಗೊಂಡವು. ಹೋದ ಊರುಗಳಲ್ಲಿ ಟರ್ಕಿ ಕೋಳಿ ಅಂಗಡಿ ಅಂಗಡಿಗೂ ಸಿಗುತ್ತದೆ. ಅಲ್ಲಿ ಅವರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಹಳದಿ ಅನ್ನ, ಬಾಲ್ ಕರಿ ಆಗುತ್ತಲೇ ಇವೆ. ಇಲ್ಲಿದ್ದಾಗ ಟರ್ಕಿಯ ಬದಲಿಗೆ ಕರಿ. ಅಲ್ಲಿ ಟರ್ಕಿ ಇದ್ದೂ ಕರಿ. ಬದಲಿಗೆ ಬಂದದ್ದು ತಾನೇ ಹಬ್ಬವಾದದ್ದು ಹೀಗೆ.

ಅಮೇರಿಕೆಯಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಸಂಗತಿಯೂ ಇದಕ್ಕೆ ಹತ್ತಿರದ್ದೇ. ಅಲ್ಲಿ ನವಂಬರದ ನಾಲ್ಕನೆಯ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಕೃತಜ್ಞತೆಯ ಹಬ್ಬ. 1863ರಲ್ಲಿ ಲಿಂಕನ್ನರು ಅಂತರ್ಯುದ್ಧದ ನಡುವೆ ಅದಕ್ಕೆ ರಾಷ್ಟ್ರದ ಹಬ್ಬದ ರೂಪ ಕೊಟ್ಟರು. ಊರಿಗೆ ಊರೇ ಟರ್ಕಿ ಬೇಯಿಸುವ ಆ ದಿನ, ರಜೆಗೆ ಬಂದ ಮಕ್ಕಳ ಮುಂದೆ ಬಿಸಿಬೇಳೆ ಭಾತನ್ನೋ ಕೋಳಿಸಾರನ್ನೋ ಇಡುವ ಕನ್ನಡದ ಮನೆಗಳಿವೆ. ಮಕ್ಕಳಿಗೆ ಅದೇ ಆ ಹಬ್ಬದ ರುಚಿ. ಮುಂದಿನ ತಲೆಮಾರು ಅದನ್ನು ಸಂಪ್ರದಾಯವೆಂದು ಕರೆದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ದೂರದ ಮಾತು ಸಾಕು. ನಮ್ಮಲ್ಲಿಯೇ 2024ರ ಡಿಸಂಬರದಲ್ಲಿ ಮಂಡ್ಯದಲ್ಲಿ ನೆರೆದ 87ನೆಯ ಕನ್ನಡ ಸಾಹಿತ್ಯ ಸಮ್ಮೇಲನದಲ್ಲಿ ಸಾಹಿತ್ಯಕ್ಕಿಂತ ಊಟದ ಚರ್ಚೆಯೇ ಮೊದಲು ಕಾವೇರಿತು. ಸಮ್ಮೇಲನದ ಸೂಚನೆಯೊಂದರಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಮಾಂಸಾಹಾರವನ್ನೂ ಇರಿಸಿ ನಿಷೇಧಿಸಿದ್ದರು. ‘ನಮ್ಮ ಬಾಡೂಟವು ವ್ಯಸನವೇ?’ ಎಂಬದು ಅನೇಕರ ಕೋಪಕ್ಕೆ ಕಾರಣವಾಯಿತು. ಸಮ್ಮೇಲನದಲ್ಲಿ ಬಾಡೂಟವನ್ನೂ ಬಡಿಸಬೇಕೆಂದು ಬೇಡಿಕೆ ಎದ್ದಿತು. ಸಾವಿರಾರು ಜನರಿಗೆ ಒಂದೇ ಪಂಕ್ತಿಯಲ್ಲಿ ಬಡಿಸುವಾಗ ಎಲ್ಲರೂ ಉಣ್ಣಬಹುದಾದ ಶಾಕಾಹಾರವೇ ಅನುಕೂಲವೆಂಬ ವಾದವು ತೆಗೆದುಹಾಕುವಂಥದಲ್ಲ. ಆದರೆ ಅನುಕೂಲದ ಮಾತು ಬೇರೆ, ಯೋಗ್ಯತೆಯ ಮಾತು ಬೇರೆ. ಕೋಪ ಬಂದದ್ದು ಎಲೆಯ ಮೇಲೆ ಮಾಂಸವಿಲ್ಲವೆಂಬದಕ್ಕಿಂತ ಹೆಚ್ಚಾಗಿ, ತಮ್ಮ ಮನೆಯ ಹಬ್ಬದೂಟವನ್ನು ತಂಬಾಕಿನ ಮಗ್ಗುಲಿಗೆ ಕೂಡಿಸಿದ್ದಕ್ಕೆ.

ನಮ್ಮ ಹಳ್ಳಿಗಳು ಈ ತೊಡಕನ್ನು ಬಗೆಹರಿಸಿದ ರೀತಿ ವಿಚಾರ ಮಾಡತಕ್ಕದ್ದು. ದೇವರಿಗೆ ಮೊದಲ ದಿನದ ಎಡೆ. ಆ ದಿನ ಊರಿನ ಎಲ್ಲ ಮನೆಗಳ ಎಡೆಯೂ ಹೆಚ್ಚುಕಡಿಮೆ ಒಂದೇ. ಮರುದಿನ ಅವರವರ ನಾಲಗೆಯ ದಿನ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರ ಹಬ್ಬವು ಅಡ್ಡ ಬರದಂತೆ ಕಾಲವನ್ನು ಎರಡಾಗಿ ಹಂಚಿದ ಜಾಣತನವಿದು. ಆದರೆ ಹಂಚುವಾಗ ಒಂದು ಪಾಲಿಗೆ ಶುಭವೆಂದೂ ಇನ್ನೊಂದಕ್ಕೆ ಕರಿಯೆಂದೂ ಹೆಸರಿಟ್ಟರು. ಹೊಲದಲ್ಲಿ ಬೆವರು ಸುರಿಸಿ ಆ ಕಡಲೆ ಗೋದಿಗಳನ್ನು ಬೆಳೆದವರಲ್ಲಿ ಬಹುಜನರ ಬಾಯಿಗೆ ಹಿತವಾದ ಊಟವು ಕಪ್ಪುದಿನದ ಊಟವೆನಿಸಿತು. ಹೆಸರು ಇಟ್ಟವರು ಯಾರೋ. ಉಣ್ಣುವವರು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಬೀಗರನ್ನು ನಿಲ್ಲಿಸಿಕೊಂಡು ಸಂತೋಷದಿಂದ ಉಂಡರು.

ಇನ್ನೊಂದು ಮಾತನ್ನು ಹೋಳಿಗೆಯ ಎಡೆಯೇ ಹೇಳುವದು. ಹೂರಣಕ್ಕೆಂದು ಬೇಳೆ ಬೇಯಿಸಿ ಬಸಿದಾಗ ಉಳಿಯುವ ನೀರೇ ‘ಕಟ್ಟು’. ಚೆಲ್ಲಿಹೋಗಬೇಕಾಗಿದ್ದ ಆ ನೀರಿಗೆ ಒಣಕೊಬ್ಬರಿ, ಚಕ್ಕೆ, ಲವಂಗ, ಹುಣಸೆ, ಬೆಲ್ಲ, ಬ್ಯಾಡಗಿಯ ಖಾರ ಸೇರಿ ಕಟ್ಟಿನ ಸಾರಾಯಿತು. ಇಂದು ಅದಿಲ್ಲದೆ ಹೋಳಿಗೆಯ ಊಟವನ್ನು ಯಾವ ಮನೆಯೂ ಪೂರ್ಣವೆಂದು ಒಪ್ಪುವದಿಲ್ಲ. ಉಳಿದದ್ದರಿಂದ ಹುಟ್ಟಿದ ಸಾರಿಗೆ ಮೊದಲ ದಿನದ ಎಡೆಯಲ್ಲಿಯೇ ಮಾನ ದೊರೆತಿದೆ. ಕರಿಯ ದಿನದ ಸಾರಿಗೂ, ರೈಲ್ವೆ ವಸತಿಗಳ ಹಳದಿ ಅನ್ನ ಬಾಲ್ ಕರಿಗೂ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅಷ್ಟು ಮಾನ ಇನ್ನೂ ಸಿಕ್ಕಿಲ್ಲ. ರಾಜರ ಶಾಸನಗಳ ಪ್ರತಿ ತೆಗೆಯುವ ಉತ್ಸಾಹದಲ್ಲಿ ಒಂದು ಪಾಲನ್ನು ಅಜ್ಜಿಯಂದಿರ ಅಡಿಗೆಯ ವಹಿಗಳ ಕಡೆಗೂ ನಮ್ಮ ವಿದ್ವಾಂಸರು ತಿರುಗಿಸಿದರೆ, ಈ ನಾಡಿನಲ್ಲಿ ಯಾರು ಯಾರು ಹಬ್ಬ ಮಾಡಿದರೆಂಬದರ ಲೆಕ್ಕವಾದರೂ ಸರಿಯಾಗಿ ಸಿಕ್ಕೀತು.